ಸಾಲದ ಮನೆಯ ಆರೋಗ್ಯ

ಚರಕಸಂಹಿತೆಯ ಸೂತ್ರಸ್ಥಾನದ 11ನೆಯ ಅಧ್ಯಾಯವು ಮನುಷ್ಯನಿಗೆ ಇರಬೇಕಾದ ಮೂರು ಏಷಣೆಗಳನ್ನು, ಎಂದರೆ ಅಪೇಕ್ಷೆಗಳನ್ನು, ಹೇಳುತ್ತದೆ. ಮೊದಲನೆಯದು ಪ್ರಾಣೈಷಣೆ, ಎರಡನೆಯದು ಧನೈಷಣೆ, ಮೂರನೆಯದು ಪರಲೋಕೈಷಣೆ. ವೈದ್ಯಗ್ರಂಥವೊಂದು ಪರಲೋಕಕ್ಕಿಂತ ಮುಂಚೆ ಹಣದ ಮಾತನ್ನು ಎತ್ತುವುದನ್ನು ಕಂಡು ವಿದ್ಯಾರ್ಥಿದೆಸೆಯಲ್ಲಿ ನಾವು ನಕ್ಕದ್ದುಂಟು. ಆಚಾರ್ಯರು ನಗುವ ಮಾತನ್ನು ಆಡಿರಲಿಲ್ಲ. ಬದುಕಿನ ಸಾಧನಗಳಿಲ್ಲದೆ ದೀರ್ಘಾಯುಷ್ಯವನ್ನು ಕಳೆಯುವುದಕ್ಕಿಂತ ದೊಡ್ಡ ಪಾಪವಿಲ್ಲವೆಂಬ ಅಭಿಪ್ರಾಯವನ್ನು ಅಲ್ಲಿಯೇ ಹೇಳಿ, ಒಕ್ಕಲುತನ, ಪಶುಪಾಲನೆ, ವ್ಯಾಪಾರ, ರಾಜಸೇವೆ ಮುಂತಾದ ಗಳಿಕೆಯ ಮಾರ್ಗಗಳನ್ನು ಎಣಿಸಿದ್ದಾರೆ. ಆದರೂ ಕ್ರಮವನ್ನು ಗಮನಿಸಬೇಕು. ಪ್ರಾಣ ಮೊದಲು, ಧನ ಆಮೇಲೆ.

ಈ ಕ್ರಮವು ತಲೆಕೆಳಗಾದ ಮನೆಗಳ ಜನರನ್ನು ನಮ್ಮ ಚಿಕಿತ್ಸಾಲಯದಲ್ಲಿ ಪ್ರತಿವಾರವೂ ಕಾಣುತ್ತೇವೆ. ಆದಕಾರಣ ಈ ತಿಂಗಳ ಆರೋಗ್ಯ ವಿಭಾಗದಲ್ಲಿ ಕಷಾಯ, ಪಥ್ಯಗಳ ಮಾತನ್ನು ಬದಿಗಿರಿಸಿ ಮನೆಯ ಸಾಲದ ಬಗೆಗೆ ಬರೆಯುತ್ತಿದ್ದೇವೆ. ಸದ್ಭಕ್ತರು ಇದನ್ನು ಅಪ್ರಸ್ತುತವೆಂದು ಭಾವಿಸಬಾರದು.

ಸುಮಾರು ಒಂದೂವರೆ ವರ್ಷದ ಹಿಂದೆ ನಲವತ್ತಾರು ವರ್ಷದ ಒಬ್ಬ ತಾಯಿ ನಿದ್ರೆ ಬಾರದೆಂದು ನಮ್ಮಲ್ಲಿಗೆ ಬಂದರು. ಎದೆ ಡವಡವ, ಉಂಡದ್ದು ಜೀರ್ಣವಾಗದು, ಅಂಗಾಲು ಉರಿ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆ, ಅದಕ್ಕೆ ಎಂ.ಬಿ.ಬಿ.ಎಸ್. ವೈದ್ಯರು ಬರೆದುಕೊಟ್ಟ ಮಾತ್ರೆ ನಡೆದಿತ್ತು. ನಾಡಿ ನೋಡಿದೆವು, ನಾಲಗೆ ನೋಡಿದೆವು, ಬ್ರಾಹ್ಮಿ, ಅಶ್ವಗಂಧಗಳ ಯೋಗವನ್ನು ಬರೆದೆವು. ತಿಂಗಳಿಗೆ ಸುಮಾರು 700 ರೂಪಾಯಿ ಖರ್ಚಿನ ಔಷಧ. ಮೂರು ತಿಂಗಳು ಕಳೆದರೂ ನಿದ್ರೆ ಬರಲಿಲ್ಲ, ರಕ್ತದ ಸಕ್ಕರೆಯಂತೂ ಏರುತ್ತಲೇ ಹೋಯಿತು. ನಾಲ್ಕನೆಯ ಸಲ ಬಂದಾಗ ಅವರ ಚೀಲದಿಂದ ಸಕ್ಕರೆ ಮಾತ್ರೆಯ ಹಾಳೆ ಜಾರಿ ಬಿತ್ತು. ತಿಂಗಳ ಕೊನೆಯಲ್ಲಿ ಅರ್ಧಕ್ಕರ್ಧ ಮಾತ್ರೆ ಹಾಗೆಯೇ ಇದ್ದುವು. ಏಕೆಂದು ಕೇಳಿದೆವು.

“ಗುಳಿಗಿ ಬಿಟ್ರ ನಡೀತೈತ್ರೀ ಡಾಕ್ಟರ್ರ, ವಾರದ ಕಂತು ಬಿಟ್ರ ನಡಿಯೂದಿಲ್ಲ” ಎಂದರು.

“ತಂಗೀ, ಸಾಲ ಎಷ್ಟೈತಿ?” ಎಂದರೆ, “ಪೂರಾ ನನಗೂ ಗೊತ್ತಿಲ್ರೀ” ಎಂದು ಕಣ್ಣೊರೆಸಿಕೊಂಡರು.

ಮುಂದಿನ ವಾರ ಯಜಮಾನರನ್ನು ಕರೆದುಕೊಂಡು ಬರಹೇಳಿದೆವು. ಅವರು ಊರುಗೋಲು ಹಿಡಿದು ಬಂದರು. ಮಗಳ ಮದುವೆಗೆ ಮಾಡಿದ ಸಾಲ ಅರ್ಧ ತೀರುವ ಹೊತ್ತಿಗೆ ಬೈಕಿನಿಂದ ಬಿದ್ದು ಅವರ ಕಾಲು ಮುರಿದಿತ್ತು. ಖಾಸಗಿ ಆಸ್ಪತ್ರೆಯ ಬಿಲ್ಲು ಲಕ್ಷ ದಾಟಿತ್ತು. ಟ್ರ್ಯಾಕ್ಟರ್ ಓಡಿಸುವ ಕಾಯಕ ನಾಲ್ಕು ತಿಂಗಳು ನಿಂತಿತ್ತು. ಗಂಡಹೆಂಡಿರಿಬ್ಬರನ್ನೂ ಎದುರಿಗೆ ಕೂರಿಸಿ, ನಮ್ಮ ಔಷಧ ಚೀಟಿಯ ಬೆನ್ನಮೇಲೆಯೇ ಲೆಕ್ಕ ಬರೆದೆವು. ಮಹಿಳಾ ಗುಂಪಿನ ಮೂಲಕ ಎರಡು ಕಡೆ ಪಡೆದ ಸಾಲದಲ್ಲಿ 41,000 ಮತ್ತು 28,000 ಬಾಕಿ. ಎರಡರದೂ ಸೇರಿ ವಾರಕ್ಕೆ 1,250 ರೂಪಾಯಿ ಕಂತು. ಬೋರಮಾಳ ಅಡವಿಟ್ಟು ತಂದದ್ದು 80,000. ಅದರ ಒಂದು ವರ್ಷದ ಬಡ್ಡಿ ಬಾಕಿ. ಪರಿಚಯಸ್ಥರ ಕೈಗಡ 60,000. ಬಡ್ಡಿ ನೂರಕ್ಕೆ ತಿಂಗಳಿಗೆ 4 ರೂಪಾಯಿ. ಸೊಸೈಟಿಯ ಬೆಳೆಸಾಲ 70,000. ಕಿರಾಣಿ ಅಂಗಡಿಯ ಉದ್ದರಿ 9,000. ಎಲ್ಲ ಕೂಡಿ 2,88,000 ರೂಪಾಯಿ.

ಬರೆಯುವಾಗ ಒಂದು ವಿಚಿತ್ರವನ್ನು ಕಂಡೆವು. ಗುಂಪಿನ ಎರಡನೆಯ ಸಾಲ ಯಜಮಾನರಿಗೆ ಗೊತ್ತಿರಲಿಲ್ಲ. ಕೈಗಡದ ಬಡ್ಡಿ ಎಷ್ಟೆಂಬುದು ಹೆಂಡತಿಗೆ ಗೊತ್ತಿರಲಿಲ್ಲ. ಒಬ್ಬರಿಗೆ ನೋವಾದೀತೆಂದು ಮತ್ತೊಬ್ಬರು ಮುಚ್ಚಿಟ್ಟಿದ್ದರು. ಒಂದೇ ಸೂರಿನ ಕೆಳಗೆ ಇಬ್ಬರೂ ನಿದ್ರೆಗೆಟ್ಟು, ಇಬ್ಬರೂ ನಿದ್ರೆ ಬಂದವರಂತೆ ಕಣ್ಣು ಮುಚ್ಚಿ ಮಲಗುತ್ತಿದ್ದರು.

ಆ ನಾಲ್ಕು ತಿಂಗಳು ಆ ಮನೆಯ ವರಮಾನ ಹೊಲಿಗೆಯಿಂದ 7,000, ಗೃಹಲಕ್ಷ್ಮಿಯಿಂದ 2,000, ಒಟ್ಟು 9,000. ಗುಂಪಿನ ಕಂತು ತಿಂಗಳಿಗೆ ಸುಮಾರು 5,400, ಕೈಗಡದ ಬಡ್ಡಿ 2,400. ಉಳಿಯುತ್ತಿದ್ದುದು 1,200. ಅದರಲ್ಲಿ 700 ರೂಪಾಯಿ ನಮ್ಮ ಔಷಧಕ್ಕೆ ಹೋಗಿತ್ತು. ನಲವತ್ತು ವರ್ಷಗಳ ಸಮೀಪದ ವೈದ್ಯವೃತ್ತಿಯಲ್ಲಿ ನಮಗೆ ನಾಚಿಕೆಯಾದ ಗಳಿಗೆಗಳಲ್ಲಿ ಅದೊಂದು. ರೋಗಿಗಿರಬೇಕಾದ ನಾಲ್ಕು ಗುಣಗಳಲ್ಲಿ ಜ್ಞಾಪಕತ್ವವನ್ನು, ಎಂದರೆ ತನ್ನ ಬಾಧೆಯನ್ನು ವೈದ್ಯನಿಗೆ ತಿಳಿಸಿ ಹೇಳುವುದನ್ನು, ಚರಕರೂ ವಾಗ್ಭಟರೂ ಎಣಿಸಿದ್ದಾರೆ. ವಾಗ್ಭಟರು ರೋಗಿಯು ಧನಿಕನಾಗಿರಬೇಕೆಂಬುದನ್ನೂ ಸೇರಿಸುತ್ತಾರೆ. ಚರಕರ ಪಟ್ಟಿಯಲ್ಲಿ ಅದಿಲ್ಲ. ಆ ತಾಯಿ ಹೇಳಲಿಲ್ಲವೆಂಬುದು ಸರಿ. ಆದರೆ ಮೂರು ತಿಂಗಳು ನಾವು ಕೇಳಲೂ ಇಲ್ಲ.

ಚಿಂತೆಯು ದೇಹವನ್ನು ಹೇಗೆ ಕೆಡಿಸುತ್ತದೆಂಬುದನ್ನು ಇಲ್ಲಿ ಸ್ವಲ್ಪ ತಿಳಿಸಬೇಕು. ಹಿತವಾದ ಆಹಾರವನ್ನು ಮಿತವಾಗಿಯೇ ಉಂಡರೂ ಚಿಂತೆ, ಶೋಕ, ಭಯ, ಕ್ರೋಧ, ಜಾಗರಣೆಗಳಿದ್ದರೆ ಅದು ಜೀರ್ಣವಾಗದೆಂದು ಚರಕಸಂಹಿತೆಯ ವಿಮಾನಸ್ಥಾನ ಹೇಳುತ್ತದೆ. ಅತಿಚಿಂತನೆಯಿಂದ ರಸವಹ ಸ್ರೋತಸ್ಸು ಕೆಡುತ್ತದೆಂಬ ಮಾತೂ ಅದೇ ಸ್ಥಾನದಲ್ಲಿದೆ. ಆಹಾರ, ನಿದ್ರೆ, ಬ್ರಹ್ಮಚರ್ಯಗಳೆಂಬ ಮೂರು ಉಪಸ್ತಂಭಗಳ ಮೇಲೆ ದೇಹ ನಿಂತಿದೆ; ಸಾಲದ ಚಿಂತೆ ಅವುಗಳಲ್ಲಿ ಎರಡನ್ನು ಒಟ್ಟಿಗೇ ಅಲ್ಲಾಡಿಸುತ್ತದೆ. ಆಧುನಿಕ ವೈದ್ಯವೂ ಇದನ್ನು ಬೇರೆ ಮಾತಿನಲ್ಲಿ ಒಪ್ಪುತ್ತದೆ. ದೀರ್ಘಕಾಲದ ಆತಂಕದಲ್ಲಿ ಕಾರ್ಟಿಸಾಲ್ ಎಂಬ ಸ್ರಾವ ಹೆಚ್ಚಿ ರಕ್ತದ ಸಕ್ಕರೆಯೂ ಒತ್ತಡವೂ ಏರುತ್ತವೆ. ಆ ತಾಯಿ ಸೋಮವಾರದ ಉಪವಾಸವನ್ನು ವಾರಕ್ಕೆ ಮೂರು ದಿನ ಮಾಡಿಕೊಂಡಿದ್ದರು. ಭಕ್ತಿಯೆಂದು ಮನೆಯವರು ತಿಳಿದಿದ್ದರು. ಊಟ ಬಿಟ್ಟ ದಿನ ಕೆಲವು ಬಗೆಯ ಸಕ್ಕರೆ ಮಾತ್ರೆಯನ್ನು ನುಂಗಿದರೆ ಸಕ್ಕರೆ ಒಮ್ಮೆಲೇ ಕುಸಿದು ಬೆವರು, ನಡುಕ, ಎಚ್ಚರ ತಪ್ಪುವುದು ಉಂಟು. ಅವರಿಗೆ ಎರಡು ಸಲ ಹಾಗಾಗಿತ್ತು. ಸಕ್ಕರೆ, ರಕ್ತದೊತ್ತಡ, ಥೈರಾಯ್ಡ್, ಮೂರ್ಛೆರೋಗ, ಹೃದಯ, ಇವುಗಳ ಮಾತ್ರೆಗಳನ್ನು ಕಂತಿಗಾಗಿ ನಿಲ್ಲಿಸುವುದು ಎಂದಿಗೂ ಸಲ್ಲದು. ಆಯುರ್ವೇದದ ವೈದ್ಯರಾದ ನಾವೇ ಈ ಮಾತನ್ನು ಒತ್ತಿ ಹೇಳುತ್ತಿದ್ದೇವೆ. ಸಕ್ಕರೆ, ಒತ್ತಡಗಳ ಸಾಮಾನ್ಯ ಮಾತ್ರೆಗಳು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತವಾಗಿ ದೊರೆಯುತ್ತವೆ. ಅಲ್ಲಿ ಇಲ್ಲದಿದ್ದರೆ ಜನೌಷಧಿ ಕೇಂದ್ರದಲ್ಲಿ ಕಡಿಮೆ ಬೆಲೆಗೆ ಸಿಗುತ್ತವೆ.

ನಾವು ವೈದ್ಯರು, ಲೆಕ್ಕಿಗರಲ್ಲ. ಆದ್ದರಿಂದ ನಮ್ಮ ಓಣಿಯಲ್ಲಿರುವ, ಸಹಕಾರ ಸಂಘದಲ್ಲಿ ಕಾರ್ಯದರ್ಶಿಯಾಗಿದ್ದು ನಿವೃತ್ತರಾದ ಹಿರಿಯರೊಬ್ಬರನ್ನು ಕರೆಸಿದೆವು. ಅವರು ಚೀಟಿಯನ್ನು ನೋಡಿದವರೇ ಕೈಗಡದ ಸಾಲಿನ ಮೇಲೆ ಬೆರಳಿಟ್ಟು, “ಕಡಿಯೂ ನಾಯಿ ಮೊದಲ ಕಟ್ಟಬೇಕು” ಎಂದರು. ನೂರಕ್ಕೆ ತಿಂಗಳಿಗೆ 4 ಎಂದರೆ ಕೇಳಲು ಸಣ್ಣದು. ವರ್ಷಕ್ಕೆ ಶೇಕಡಾ 48. ಇಪ್ಪತ್ತೈದು ತಿಂಗಳು ಬಡ್ಡಿ ಕಟ್ಟಿದರೆ 60,000 ಕಟ್ಟಿದಂತಾಯಿತು, ಅಸಲು ಮಾತ್ರ ಇದ್ದಂತೆಯೇ ಇರುತ್ತದೆ. ಇನ್ನೊಂದು ಕಡೆ ಸೊಸೈಟಿಯ ಬೆಳೆಸಾಲ ಸಕಾಲಕ್ಕೆ ತೀರಿಸಿದವರಿಗೆ ಬಡ್ಡಿಯೇ ಇಲ್ಲದ್ದು. ಅದನ್ನು ಗಡುವಿಗೆ ಕಟ್ಟಿ ಮತ್ತೆ ಪಡೆಯುವುದೇ ಜಾಣತನ. ಗಡುವು ತಪ್ಪಿದರೆ ಆ ಲಾಭ ಹೋಗುತ್ತದೆ.

ಕೈಗಡ ತೀರಿಸಲು ಇದ್ದ ದಾರಿ ಒಂದೇ, ಅಡವಿಟ್ಟ ಬೋರಮಾಳವನ್ನು ಬಿಡಿಸಿ ಮಾರುವುದು. ಅದು ತವರಿನವರು ಹಾಕಿದ ಎರಡೂವರೆ ತೊಲೆಯ ಸರ. ಆ ತಾಯಿ ಎರಡು ವಾರ ಒಪ್ಪಲಿಲ್ಲ. ನಾವೂ ಒತ್ತಾಯಿಸಲಿಲ್ಲ; ಬಡ್ಡಿಯ ಲೆಕ್ಕಕ್ಕೆ ಸಿಗದ ಬೆಲೆ ಅಂಥ ಒಡವೆಗಿರುತ್ತದೆಂಬುದು ನಮ್ಮ ಮನೆಯಲ್ಲಿಯೂ ಗೊತ್ತಿರುವ ಸಂಗತಿ. ಕೊನೆಗೆ ಅವರೇ ನಿರ್ಧರಿಸಿದರು. ಚಿನ್ನದ ದರ ಏರಿದ್ದರಿಂದ ಅಡವಿನ ಸಾಲ, ಅದರ ಬಡ್ಡಿ, ಕೈಗಡ ಮೂರೂ ತೀರಿ 16,000 ರೂಪಾಯಿ ಉಳಿಯಿತು. ಉದ್ದರಿಗೆ 9,000 ಕೊಟ್ಟರು. ಉಳಿದ 7,000 ರೂಪಾಯಿಯನ್ನೂ ಗುಂಪಿನ ಸಾಲಕ್ಕೆ ತುಂಬಿ ಬಿಡೋಣವೆಂದು ಯಜಮಾನರ ಆತುರ. ಕಾರ್ಯದರ್ಶಿಗಳೂ ನಾವೂ ಅಲ್ಲಿ ಮಾತ್ರ ಗಟ್ಟಿಯಾಗಿ ಬೇಡವೆಂದೆವು.

ಇದು ನಮ್ಮ ಶಾಸ್ತ್ರದ ಮಾತೂ ಹೌದು. ರೋಗಿಯ ಬಲಾಬಲವನ್ನು ನೋಡದೆ ತೀಕ್ಷ್ಣ ವಿರೇಚನ ಕೊಟ್ಟರೆ ದೋಷ ಹೊರಬೀಳುವ ಮೊದಲೇ ರೋಗಿ ಕುಸಿಯುತ್ತಾನೆ. ಬಲವನ್ನು ಉಳಿಸಿಕೊಂಡೇ ಶೋಧನ ಮಾಡಬೇಕು. ಸಾಲ, ಬೆಂಕಿ, ರೋಗ ಇವುಗಳ ಶೇಷ ಉಳಿಯಬಾರದೆಂದು ಹಿರಿಯರು ಹೇಳುತ್ತಿದ್ದುದನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಆದರೆ ಶೇಷ ಉಳಿಯಬಾರದೆಂಬ ಹಟದಲ್ಲಿ ಮನೆಯನ್ನು ಪೂರ್ತಿ ಬರಿದು ಮಾಡಿಕೊಂಡವರು ಮುಂದಿನ ಸಣ್ಣ ಪೆಟ್ಟಿಗೇ ಮತ್ತೆ ಕೈಗಡದ ಬಾಗಿಲಿಗೆ ಹೋಗುತ್ತಾರೆ. ಆಪತ್ತು ಸರದಿಗಾಗಿ ಕಾಯುವುದಿಲ್ಲ, ಮೊದಲಿನ ಸಾಲ ತೀರಲಿ ಎಂದು ತಡೆಯುವುದೂ ಇಲ್ಲ. ಆ ಮನೆಯಲ್ಲಿಯೇ ಮುಂದೆ ನೋಡಿ: ಮೂರನೆಯ ತಿಂಗಳಿಗೆ ಹೊಲಿಗೆ ಯಂತ್ರದ ಮೋಟಾರು ಸುಟ್ಟಿತು, 1,800 ರೂಪಾಯಿ. ಒಕ್ಕಣೆಯ ಹೊತ್ತಿಗೆ ಮಳೆ ಹಿಡಿದು ಗೋವಿನಜೋಳ ನೆನೆಯಿತು, ಬಂದ ದರ ಅರೆಪಾಲು. ಆಮೇಲೆ ಅತ್ತೆಯವರು ಜಾರಿ ಬಿದ್ದು ಸೊಂಟದ ಮೂಳೆ ಮುರಿಯಿತು. ಈ ಸಲ ಅವರು ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಿ, ಶಿಫಾರಸು ಪತ್ರ ಪಡೆದು, ಯೋಜನೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿದರು. ಓಡಾಟ, ಊಟಕ್ಕೆ 3,000 ರೂಪಾಯಿ. ಎಲ್ಲವೂ ಆ 7,000 ರೂಪಾಯಿಯೊಳಗೇ ನಡೆಯಿತು, ಹೊಸ ಸಾಲ ಹುಟ್ಟಲಿಲ್ಲ. ಅನಂತರ ವಾರಕ್ಕೆ 300 ರೂಪಾಯಿಯಂತೆ ಆ ಗಂಟನ್ನು ಮತ್ತೆ ತುಂಬಿಕೊಂಡರು.

ಯಜಮಾನರ ಕಾಲು ಮುರಿದಾಗಲೂ ಆ ಕಾರ್ಡು ಅವರ ಪೆಟ್ಟಿಗೆಯಲ್ಲಿತ್ತು. ಗಾಬರಿಯಲ್ಲಿ ಯಾರಿಗೂ ನೆನಪಾಗಲಿಲ್ಲ, ಆಸ್ಪತ್ರೆಯವರು ಕೇಳಲೂ ಇಲ್ಲ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯಿದೆ, ಎ.ಪಿ.ಎಲ್. ಕುಟುಂಬಕ್ಕೆ ನಿಗದಿತ ವೆಚ್ಚದ ಶೇಕಡಾ 30, ವರ್ಷಕ್ಕೆ 1.5 ಲಕ್ಷದವರೆಗೆ. ತುರ್ತು ಸಂದರ್ಭ ಬಿಟ್ಟರೆ ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕೆಂಬುದನ್ನು ಮರೆಯಬಾರದು. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. ಬ್ಯಾಂಕಿನಲ್ಲಿ ವರ್ಷಕ್ಕೆ 20 ರೂಪಾಯಿ ಕಟ್ಟಿದರೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಮರಣ ಅಥವಾ ಪೂರ್ಣ ಅಂಗವೈಕಲ್ಯಕ್ಕೆ 2 ಲಕ್ಷ, 436 ರೂಪಾಯಿ ಕಟ್ಟಿದರೆ ಜೀವನ್ ಜ್ಯೋತಿ ಯೋಜನೆಯಲ್ಲಿ ಯಾವ ಕಾರಣದ ಮರಣಕ್ಕಾದರೂ 2 ಲಕ್ಷ ರೂಪಾಯಿ ಕುಟುಂಬಕ್ಕೆ ದೊರೆಯುತ್ತದೆ. ಎರಡನೆಯದಕ್ಕೆ 50 ವರ್ಷದೊಳಗೆ ಸೇರಬೇಕು. ಈ ಹಣ ಮೇ ತಿಂಗಳ ಕೊನೆಗೆ ಖಾತೆಯಿಂದ ಕಡಿತವಾಗುತ್ತದೆ. ಆಗ ಖಾತೆಯಲ್ಲಿ ಹಣವಿಲ್ಲದೆ ಎಷ್ಟೋ ಮನೆಗಳ ವಿಮೆ ನಿಂತುಹೋಗಿರುವುದನ್ನು ಕಂಡಿದ್ದೇವೆ.

ವಸೂಲಿಯ ಭಯದ ಬಗೆಗೂ ಹೇಳಬೇಕು, ಏಕೆಂದರೆ ನಿದ್ರೆಯನ್ನು ಕೆಡಿಸುವುದು ಸಾಲಕ್ಕಿಂತ ಹೆಚ್ಚಾಗಿ ಬಾಗಿಲಲ್ಲಿ ಕೇಳಿಬರುವ ದನಿ. ಕಿರುಸಾಲಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕು 2022ರಲ್ಲಿ ಮಾಡಿದ ನಿಯಮದಂತೆ ಬೆಳಗಿನ 9 ಗಂಟೆಗೆ ಮೊದಲು, ಸಂಜೆ 6 ಗಂಟೆಯ ನಂತರ ಸಾಲಗಾರರಿಗೆ ಕರೆ ಮಾಡುವಂತಿಲ್ಲ, ಬೈಯುವಂತಿಲ್ಲ, ಬೆದರಿಸುವಂತಿಲ್ಲ, ಅವಧಿಗೆ ಮೊದಲೇ ಸಾಲ ತೀರಿಸಿದರೆ ದಂಡ ಹಾಕುವಂತಿಲ್ಲ. ಒಂದು ಮನೆಯ ಎಲ್ಲ ಸಾಲಗಳ ಕಂತು ಸೇರಿ ತಿಂಗಳ ವರಮಾನದ ಅರ್ಧವನ್ನು ಮೀರುವಂತಿದ್ದರೆ ಹೊಸ ಕಿರುಸಾಲ ಕೊಡುವಂತಿಲ್ಲವೆಂದೂ ಅದರಲ್ಲಿದೆ. ಕಂತು ಮೀರಿದ ಮೇಲೆ ಇನ್ನೊಂದು ಗುಂಪಿಗೆ ಸೇರಿ ಅಲ್ಲಿಂದ ತಂದು ಇಲ್ಲಿಗೆ ಕಟ್ಟುವ ತಾಯಂದಿರು ಈ ನಿಯಮವನ್ನು ತಮ್ಮದೇ ನಿಯಮವೆಂದು ತಿಳಿಯುವುದು ಒಳ್ಳೆಯದು. ವಸೂಲಿಯ ಕಿರುಕುಳವನ್ನು ತಡೆಯಲು ನಮ್ಮ ರಾಜ್ಯದಲ್ಲಿ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಬಂದು ಬಳಿಕ ಅದು ಕಾಯಿದೆಯಾಗಿದೆ. ಬಲವಂತಕ್ಕೆ ಹತ್ತು ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡ ವಿಧಿಸಲು ಅವಕಾಶವಿದೆ. ಮಹಿಳೆಯರಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಕೀಲರ ನೆರವು ಉಚಿತ. 15100ಕ್ಕೆ ಕರೆ ಮಾಡಬಹುದು. ಸಾಲ ಕಟ್ಟದೆ ತಪ್ಪಿಸಿಕೊಳ್ಳಲು ಇದನ್ನು ಹೇಳುತ್ತಿಲ್ಲ. ಕಂತು ಕಟ್ಟಲಾಗದ ವಾರ ಬಂದರೆ ಮನೆಯ ಬಾಗಿಲು ಹಾಕಿ ಕೂರುವ ಬದಲು ಮೊದಲೇ ಶಾಖೆಗೆ ಹೋಗಿ, ಆಸ್ಪತ್ರೆಯ ಕಾಗದ ತೋರಿಸಿ, ಅವಧಿ ಹೆಚ್ಚಿಸಿಕೊಡುವಂತೆ ಬರವಣಿಗೆಯಲ್ಲಿ ಕೇಳಬೇಕು. ಮೊಬೈಲಿನಲ್ಲಿ ಗಳಿಗೆಯೊಳಗೆ ಸಾಲ ಕೊಡುವವರ ಸಹವಾಸವನ್ನಂತೂ ಮಾಡಲೇಬಾರದು.

ಇನ್ನು ಮಠದ ಪತ್ರಿಕೆಯಲ್ಲಿ ಹೇಳಲು ಸಂಕೋಚವಾದರೂ ಹೇಳಬೇಕಾದ ಮಾತೊಂದಿದೆ. ಜಾತ್ರೆಯ ಕಾಣಿಕೆಗೆ, ಮನೆಯ ಪ್ರಸ್ತಕ್ಕೆ, ಗೃಹಪ್ರವೇಶದ ಊಟಕ್ಕೆ ಬಡ್ಡಿಯ ಹಣ ತರುವವರು ನಮ್ಮ ಸದ್ಭಕ್ತರಲ್ಲಿಯೇ ಇದ್ದಾರೆ. ಶರಣರ ದಾಸೋಹ ಕಾಯಕದಿಂದ ಬಂದುದರಲ್ಲಿ ನಡೆಯುತ್ತಿತ್ತು, ಸಾಲದಿಂದ ತಂದುದರಲ್ಲಿ ಅಲ್ಲ. ಬಸವಣ್ಣನವರ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯುತ್ತಿದ್ದ ಮಾರಯ್ಯನವರು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಕಥೆ ನಮ್ಮ ಮಕ್ಕಳಿಗೂ ಗೊತ್ತು. ಮಠಗಳಲ್ಲಿ ಸಾಮೂಹಿಕ ವಿವಾಹಗಳು ನಡೆಯುವುದೂ ಇದೇ ಕಾರಣಕ್ಕೆ. ಆದರೆ ಅಲ್ಲಿ ಲಗ್ನ ಮುಗಿಸಿ, ಊರಿಗೆ ಹೋಗಿ ಮತ್ತೊಮ್ಮೆ ಸಾವಿರ ಜನಕ್ಕೆ ಊಟ ಹಾಕಿದವರನ್ನು ನಾವು ಬಲ್ಲೆವು.

ಸಾಲವಿರುವ ಕಾಲದಲ್ಲಿ ದೇಹದ ಪಾಲನೆಗೆ ಹಣ ಬೇಕಿಲ್ಲ. ಜೋಳದ ರೊಟ್ಟಿ, ಹೆಸರುಬೇಳೆ ಅಥವಾ ಕಾಳಿನ ಪಲ್ಯ, ಹೊಲದ ಸೊಪ್ಪು, ಮಜ್ಜಿಗೆ, ಇಷ್ಟನ್ನು ಹೊತ್ತಿಗೆ ಸರಿಯಾಗಿ ಉಣ್ಣಬೇಕು. ರಾತ್ರಿಯ ಊಟ ಬೇಗ ಮುಗಿಸಿ, ಅಂಗಾಲಿಗೆ ಬೆಚ್ಚಗಿನ ಎಳ್ಳೆಣ್ಣೆ ತಿಕ್ಕಿ ಮಲಗಬೇಕು. ಎರಡು ಚಮಚ ಎಣ್ಣೆಗಿಂತ ಹೆಚ್ಚು ಬೇಕಾಗದು. ಸಕ್ಕರೆ ಕಾಯಿಲೆಯವರು ಕಾಲಿನಲ್ಲಿ ಗಾಯವಿದ್ದರೆ ಇದನ್ನು ಬಿಡಬೇಕು. ಲೆಕ್ಕದ ಮಾತನ್ನು ಹಾಸಿಗೆಯ ಮೇಲೆ ಆಡಬಾರದು. ವಾರದಲ್ಲಿ ಒಂದು ಸಂಜೆ, ದೀಪದ ಬೆಳಕಿನಲ್ಲಿ, ಗಂಡಹೆಂಡಿರು ಇಬ್ಬರೂ ಕುಳಿತು ಒಂದೇ ಪುಸ್ತಕದಲ್ಲಿ ಬರೆಯಬೇಕು. ಬೆಳಗಿನ ಇಷ್ಟಲಿಂಗಪೂಜೆಯ ಹತ್ತು ನಿಮಿಷ ಮೊಬೈಲನ್ನು ಬೇರೆ ಕೋಣೆಯಲ್ಲಿಟ್ಟರೆ ಉಸಿರು ತಾನಾಗಿ ನಿಧಾನವಾಗುತ್ತದೆ. ಬಲಕ್ಕೆಂದು ದುಬಾರಿ ಲೇಹ್ಯ, ಟಾನಿಕ್ಕುಗಳನ್ನು ಕೊಳ್ಳಬಾರದು. ಅವನ್ನು ಬರೆಯುವವರು ನಮ್ಮಂಥವರೇ ಆದ್ದರಿಂದ, ಔಷಧಕ್ಕೆ ತಿಂಗಳಿಗೆ ಎಷ್ಟಾಗುತ್ತದೆ, ಕಡಿಮೆಯದು ಇದೆಯೇ ಎಂದು ವೈದ್ಯರನ್ನು ನೇರವಾಗಿ ಕೇಳಿರಿ. ಕೇಳಿದ್ದಕ್ಕೆ ಮುಖ ಸಿಂಡರಿಸುವ ವೈದ್ಯರನ್ನು ಬದಲಿಸಿರಿ.

ಒಂದು ಎಚ್ಚರಿಕೆ. ಸಾಲದ ಮನೆಯಲ್ಲಿ ಯಾರಾದರೂ ಊಟ, ಮಾತು ಬಿಟ್ಟು ಕುಳಿತರೆ, ತಾನು ಇಲ್ಲದಿದ್ದರೆ ಎಲ್ಲರಿಗೂ ಹಗುರವೆಂಬಂಥ ಮಾತಾಡಿದರೆ, ಅದನ್ನು ಬೇಸರದ ಮಾತೆಂದು ತಳ್ಳಿಹಾಕಬಾರದು. ಒಬ್ಬರನ್ನೇ ಬಿಡಬೇಡಿ, ಅಂಥ ವಿಚಾರ ಬರುತ್ತಿದೆಯೇ ಎಂದು ಮೆಲ್ಲಗೆ, ನೇರವಾಗಿ ಕೇಳಿ, ಕೇಳುವುದರಿಂದ ಕೇಡಾಗುವುದಿಲ್ಲ. ಹೊಲಕ್ಕೆ ತಂದ ಕ್ರಿಮಿನಾಶಕವನ್ನು ಮನೆಯಲ್ಲಿಡದೆ ನೆರೆಯವರ ಬೀಗದೊಳಗೆ ಇರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲುರಾತ್ರಿ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲಿಯೇ ಮಾತನಾಡಬಹುದು. ತಾಲ್ಲೂಕು ಅಥವಾ ಜಿಲ್ಲಾ ಆಸ್ಪತ್ರೆಗೆ ಕರೆದೊಯ್ಯುವುದರಲ್ಲಿ ಒಂದು ದಿನವನ್ನೂ ತಡಮಾಡಬಾರದು.

ಆ ತಾಯಿ ಕಳೆದ ತಿಂಗಳು ಬಂದಿದ್ದರು. ಗುಂಪಿನ ಒಂದು ಸಾಲ ಮುಗಿದು ಬಹಳ ದಿನವಾಯಿತು; ಇನ್ನೊಂದರಲ್ಲಿ ಆರು ಕಂತು ಬಾಕಿ. ಮೂರು ತಿಂಗಳ ಸರಾಸರಿ ಸಕ್ಕರೆಯ ಪರೀಕ್ಷೆ ಆಗ 10.4 ಇದ್ದದ್ದು ಈಗ 7.3. ನಿದ್ರೆ ಪೂರ್ತಿ ಸರಿಹೋಗಿಲ್ಲ. ಮಧ್ಯರಾತ್ರಿ ಒಮ್ಮೆ ಎಚ್ಚರವಾಗುತ್ತದೆಯಂತೆ. ಬೋರಮಾಳದ ಮಾತು ಬಂದಾಗ ಕೈ ತಾನಾಗಿ ಕೊರಳಿಗೆ ಹೋಯಿತು. ಅಲ್ಲಿ ಈಗ ತಾಳಿ, ಲಿಂಗದ ಕರಡಿಗೆ ಮಾತ್ರ. ಒಂದೇ ಪ್ಲಾಸ್ಟಿಕ್ ಚೀಲದಲ್ಲಿ ರಕ್ತಪರೀಕ್ಷೆಯ ಕಾಗದವನ್ನೂ ಮನೆಯ ಲೆಕ್ಕದ ಪುಸ್ತಕವನ್ನೂ ತಂದಿದ್ದರು. ಎರಡನ್ನೂ ಮೇಜಿನ ಮೇಲಿಟ್ಟು, “ಯಾವ್ದು ಮೊದಲ ನೋಡ್ತೀರ್ರೀ?” ಎಂದರು. ನಾವು ಕನ್ನಡಕ ಹಾಕಿಕೊಂಡು ಪುಸ್ತಕವನ್ನು ಎಳೆದುಕೊಂಡೆವು.